ಓದುಗರ ಪ್ರಶ್ನೆ: ಬಿಬಿಸಿ ಮೈಕ್ರೋ ಮತ್ತು ಅದರ ಭಾರತೀಯ ರೂಪ

ಪ್ರಶ್ನೆ: ಶಾಲೆಯೊಂದರ ಸ್ಟೋರ್ ರೂಮ್ ಖಾಲಿ ಮಾಡುವಾಗ ಗುಜರಿಗೆ ಹೊರಟಿದ್ದ ಹಳೆಯ ಕಂಪ್ಯೂಟರ್ ಒಂದನ್ನು ಉಳಿಸಿಕೊಂಡಿದ್ದೇನೆ. ಕೀಬೋರ್ಡ್‌ನ ಪೆಟ್ಟಿಗೆಯೊಳಗೇ ಎಲ್ಲವೂ ಇದೆ. ಮೇಲೆ ‘ಎಸ್‌ಸಿಎಲ್ ಯೂನಿಕಾರ್ನ್’ ಎಂದಿದೆ. ಇದು ಯಾವುದು? ಪ್ಲಗ್ ಹಾಕಿ ನೋಡಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಸದ್ಯಕ್ಕೆ ಪ್ಲಗ್ ಹಾಕಲೇಬೇಡಿ. ನಿಮ್ಮ ಕೈಗೆ ಬಂದಿರುವುದು ಬಿಬಿಸಿ ಮೈಕ್ರೋದ ಭಾರತೀಯ ರೂಪ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರ್‌ನಲ್ಲಿ ಬಿಬಿಸಿ ಮೈಕ್ರೋ ಎಂಬ ಈ ಕಂಪ್ಯೂಟರನ್ನು ಹೊರತಂದಿತು. 6502ಎ ಪ್ರೊಸೆಸರ್, 2 ಮೆಗಾಹರ್ಟ್ಸ್ ವೇಗ, ‘ಬಿ’ ಮಾದರಿಯಲ್ಲಿ 32 ಕೆಬಿ ಮೆಮೊರಿ. 1984–85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆಗೆ ಆಯ್ಕೆಯಾದದ್ದು ಇದೇ ಯಂತ್ರ. ಇಲ್ಲಿ ಅದನ್ನು ತಯಾರಿಸಿದ್ದು ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ (ಎಸ್‌ಸಿಎಲ್). ಇಂಗ್ಲೆಂಡಿನ ಯಂತ್ರಗಳು ಈಗಲೂ ಧಾರಾಳವಾಗಿ ಸಿಗುತ್ತವೆ, ಅವುಗಳ ಬಗ್ಗೆ ದಾಖಲೆಗಳೂ ಹೇರಳ. ಭಾರತದಲ್ಲಿ ತಯಾರಾದವು ಎರಡೂ ಲೆಕ್ಕದಲ್ಲಿ ಅಪರೂಪ. ಹಾಗಾಗಿ ರಿಪೇರಿಗೆ ಕೈಹಾಕುವ ಮುನ್ನ ಎಲ್ಲ ಬದಿಗಳ, ಲೇಬಲ್‌ಗಳ, ಒಳಗಿನ ಬೋರ್ಡ್‌ನ ಫೋಟೊ ತೆಗೆದಿಡಿ.

ಪ್ಲಗ್ ಹಾಕಬಾರದೆನ್ನಲು ಕಾರಣ ಪವರ್ ಸಪ್ಲೈ. ಅದರಲ್ಲಿ ಸಿ1 ಮತ್ತು ಸಿ2 ಎಂಬ ಎರಡು ಫಿಲ್ಟರ್ ಕೆಪಾಸಿಟರ್‌ಗಳಿವೆ (ಒಂದು 0.1, ಇನ್ನೊಂದು 0.01 ಮೈಕ್ರೊಫ್ಯಾರಡ್). ಸಾಮಾನ್ಯವಾಗಿ ಇವು ‘ರಿಫಾ’ ಹೆಸರಿನವು: ಹಳದಿ ಛಾಯೆಯ ಪಾರದರ್ಶಕ ಹೊದಿಕೆ, ಒಳಗೆ ಕಾಗದದ ಸುರುಳಿ. ವರ್ಷಗಳು ಕಳೆದಂತೆ ಹೊದಿಕೆ ಬಿರುಕು ಬಿಟ್ಟು ಕಾಗದ ತೇವ ಹೀರುತ್ತದೆ. ಇವು ನೇರವಾಗಿ 230 ವೋಲ್ಟ್ ಲೈನಿಗೇ ಅಡ್ಡ ಕೂತಿರುವುದರಿಂದ ಸ್ವಿಚ್ ಹಾಕಿದ ಕೆಲವೇ ನಿಮಿಷಗಳಲ್ಲಿ ಸಿಡಿದು ದಟ್ಟ ಹೊಗೆ ಬರಬಹುದು. ನೋಡಲು ಚೆನ್ನಾಗಿದ್ದರೂ ಬದಲಾಯಿಸಿ.

ಮುಚ್ಚಳಕ್ಕೆ ‘ಫಿಕ್ಸ್’ ಎಂದು ಗುರುತಿಸಿದ ನಾಲ್ಕು ಸ್ಕ್ರೂಗಳಿವೆ: ಹಿಂದೆ ಎರಡು, ತಳದಲ್ಲಿ ಮುಂದಕ್ಕೆ ಎರಡು. ಎಡಗಡೆಯ ಲೋಹದ ಡಬ್ಬವೇ ಪವರ್ ಸಪ್ಲೈ. ಅದನ್ನು ತಳದಿಂದ ಮೂರು ಸ್ಕ್ರೂ ಹಿಡಿದಿರುತ್ತವೆ. ವೈರ್‌ಗಳು ಎಲ್ಲಿಗೆ ಹೋಗಿವೆಯೆಂದು ಫೋಟೊ ತೆಗೆದುಕೊಂಡೇ ಕಳಚಿ: ಕೆಂಪು ವೈರ್‌ಗಳು +5 ವೋಲ್ಟ್, ಕಪ್ಪು ಗ್ರೌಂಡ್ (0 ವೋಲ್ಟ್), ನೇರಳೆ −5 ವೋಲ್ಟ್. ಇವು ಅದಲು ಬದಲಾದರೆ ಚಿಪ್‌ಗಳು ಉಳಿಯುವುದಿಲ್ಲ. ಡಬ್ಬ ತೆರೆದ ಮೇಲೆ ಒಳಗಿನ ದೊಡ್ಡ ಕೆಪಾಸಿಟರ್‌ನ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಸುಮಾರು 320 ವೋಲ್ಟ್ ವರೆಗೆ ಚಾರ್ಜ್ ಆಗುವ ಭಾಗವದು. ಅಲ್ಲಿ ಸೊನ್ನೆಯ ಹತ್ತಿರ ಬಂದ ಮೇಲಷ್ಟೇ ಕೈಯಿಡಿ. ಮೇನ್ಸ್ ಕೆಲಸದ ಅಭ್ಯಾಸವಿಲ್ಲದಿದ್ದರೆ ಇದನ್ನು ಬಲ್ಲ ಟೆಕ್ನಿಷಿಯನ್‌ಗೆ ಒಪ್ಪಿಸುವುದೇ ಸರಿ.

ಬದಲಿಗೆ ಹಾಕುವುದು ಮೇನ್ಸ್ ಲೈನಿಗೆ ಅಡ್ಡ ಹಾಕಲೆಂದೇ ತಯಾರಾಗುವ ‘ಎಕ್ಸ್2’ ವರ್ಗದ, 275 ವೋಲ್ಟ್ ಎಸಿ ಫಿಲ್ಮ್ ಕೆಪಾಸಿಟರ್. ‘400 ವೋಲ್ಟ್’ ಎಂದು ಬರೆದಿರುವ ಸಾಮಾನ್ಯ ಡಿಸಿ ಕೆಪಾಸಿಟರ್ ಈ ಜಾಗಕ್ಕೆ ಆಗದು, ಅದು ಕೆಟ್ಟಾಗ ಹೊತ್ತಿಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳುವಾಗ ಕಾಲುಗಳ ನಡುವಿನ ಅಂತರವನ್ನೂ ಅಳೆದುಕೊಂಡು ಹೋಗಿ. ಜೊತೆಗೆ ಅದೇ ಪವರ್ ಸಪ್ಲೈನ ಸಿ9 ಕೆಪಾಸಿಟರನ್ನೂ ಬದಲಾಯಿಸಿಬಿಡಿ. ಅದು 220 ಮೈಕ್ರೊಫ್ಯಾರಡ್, 10 ವೋಲ್ಟ್‌ನದು. 105 ಡಿಗ್ರಿ, 25 ವೋಲ್ಟ್‌ನದು ನಡೆಯುತ್ತದೆ. ನಂತರ ಬೋರ್ಡ್‌ಗೆ ಜೋಡಿಸದೆ, +5 ವೋಲ್ಟ್ ಸಾಲಿಗೆ 4.7 ಓಮ್, 10 ವ್ಯಾಟ್ ರೆಸಿಸ್ಟರ್ ಹೊರೆ ಕೊಟ್ಟು ಅಳೆಯಿರಿ. 4.9ರಿಂದ 5.1ರೊಳಗೆ ನಿಂತರೆ ಬೋರ್ಡ್‌ಗೆ ಕೊಡಬಹುದು.

ಪ್ರಶ್ನೆ: ನನ್ನ ಬಿಬಿಸಿ ಮೈಕ್ರೋ ಆನ್ ಮಾಡಿದರೆ ಒಂದೇ ಸಮನೆ ‘ಬೂಂ’ ಎನ್ನುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಪವರ್ ಸಪ್ಲೈ ಸರಿಯಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಸೌಂಡ್ ಚಿಪ್ ಕರೆಂಟ್ ಬಂದೊಡನೆ ತಾನಾಗಿಯೇ ಆ ದನಿ ಹೊರಡಿಸುತ್ತದೆ. ಅದನ್ನು ನಿಲ್ಲಿಸಿ ಒಂದು ಚಿಕ್ಕ ‘ಬೀಪ್’ ಕೊಡುವುದು ರೋಮ್ (ಆರ್‌ಓಎಂ) ಚಿಪ್‌ನಲ್ಲಿರುವ ಆಪರೇಟಿಂಗ್ ಸಿಸ್ಟಮ್‌ನ ಕೆಲಸ. ದನಿ ನಿಲ್ಲಲಿಲ್ಲವೆಂದರೆ ಪ್ರೊಸೆಸರ್ ಆ ಹಂತಕ್ಕೆ ತಲುಪಿಲ್ಲ.

ಇಷ್ಟು ವರ್ಷದ ಸಾಕೆಟ್‌ಗಳಲ್ಲಿ ಕಿಲುಬು ಸಾಮಾನ್ಯ. ಕರೆಂಟ್ ತೆಗೆದು, ಬೋರ್ಡ್ ಮೇಲೆ ಹೆಸರಿಸಿರುವ ಐಸಿ1 (ಪ್ರೊಸೆಸರ್), ಐಸಿ51 (ಆಪರೇಟಿಂಗ್ ಸಿಸ್ಟಮ್), ಐಸಿ52 ಮತ್ತು ಅದರ ಸಾಲಿನ ಚಿಪ್‌ಗಳನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆಯಿರಿ. ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಗುರುತಿನ ಕಚ್ಚು ನೋಡಿಕೊಂಡು ಮತ್ತೆ ಕೂರಿಸಿ. ಬಹಳಷ್ಟು ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಇಲ್ಲದಿದ್ದರೆ ಪ್ರೊಸೆಸರ್‌ನ 40ನೇ ಪಿನ್ ಅಳೆಯಿರಿ. ಅದು ರಿಸೆಟ್, ಆನ್ ಆದ ಕ್ಷಣ ಕೆಳಗಿದ್ದು ಕೂಡಲೇ 5 ವೋಲ್ಟ್‌ನತ್ತ ಏರಬೇಕು. ಕೆಳಗೇ ಉಳಿದರೆ ‘ಬ್ರೇಕ್’ ಕೀ ಒತ್ತಿಕೊಂಡೇ ಇದೆಯೇ ನೋಡಿ, ಆಮೇಲೆ ಐಸಿ16 (555 ಟೈಮರ್). ರಿಸೆಟ್ ಸರಿಯಿದ್ದರೆ 37ನೇ ಪಿನ್‌ನಲ್ಲಿ 2 ಮೆಗಾಹರ್ಟ್ಸ್ ಗಡಿಯಾರದ ಸಂಕೇತ ಇರಬೇಕು, ಇದಕ್ಕೆ ಆಸಿಲೋಸ್ಕೋಪ್ ಬೇಕಾಗುತ್ತದೆ. ಕೀಬೋರ್ಡ್ ಮತ್ತು ದನಿಯನ್ನು ನೋಡಿಕೊಳ್ಳುವ ಐಸಿ3 ಕೆಟ್ಟಿದೆಯೆಂಬ ಅನುಮಾನವಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಐಸಿ69 ಕೂಡ ಅದೇ 6522 ಚಿಪ್. ಎರಡೂ ಸಾಕೆಟ್‌ನಲ್ಲಿದ್ದರೆ ಅದಲು ಬದಲು ಮಾಡಿ ನೋಡಿ.

ಪ್ರಶ್ನೆ: ಹೊಸ ಟಿವಿಗೆ ಜೋಡಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಟಿವಿಯಲ್ಲಿ ಹಳದಿ ‘ಎವಿ’ ಕಿಂಡಿ ಇದ್ದರೆ ಹಿಂಬದಿಯ ಬಿಎನ್‌ಸಿ ಸಾಕೆಟ್‌ನಿಂದ ಅಡಾಪ್ಟರ್ ಹಾಕಿ ಕೊಡಿ. ಚಿತ್ರ ಕಪ್ಪುಬಿಳುಪಾಗಿ ಬರುವುದು ದೋಷವಲ್ಲ. ಬಣ್ಣ ಬೇಕೆಂದರೆ ಬೋರ್ಡ್‌ನಲ್ಲಿ ಎಸ್39 ಲಿಂಕ್ ಸೇರಿಸಬೇಕು. ಆರು ಪಿನ್‌ನ ಆರ್‌ಜಿಬಿ ಸಾಕೆಟ್ ಹೊರಡಿಸುವುದು 15.6 ಕಿಲೋಹರ್ಟ್ಸ್ ಸಂಕೇತ, ವಿಜಿಎ ಮಾನಿಟರ್‌ಗಳು ಬಯಸುವುದು 31ಕ್ಕೂ ಮೇಲೆ. ಹಾಗಾಗಿ ಕೇಬಲ್ ಒಂದರಿಂದಲೇ ಕೆಲಸವಾಗದು. ರಾಸ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ನಡೆಯುವ ‘ಆರ್‌ಜಿಬಿ ಟು ಎಚ್‌ಡಿಎಂಐ’ ಪರಿವರ್ತಕ ಅತ್ಯಂತ ಸ್ಪಷ್ಟ ಚಿತ್ರ ಕೊಡುತ್ತದೆ.

ಪ್ರಶ್ನೆ: ಯಂತ್ರದ ಜೊತೆ ಐದೂಕಾಲು ಇಂಚಿನ ಫ್ಲಾಪಿಗಳು, ಕೆಲವು ಕ್ಯಾಸೆಟ್‌ಗಳು ಬಂದಿವೆ. ಫ್ಲಾಪಿಗಳ ಮೇಲೆ ಬಿಳಿ ಬೂಸ್ಟು ಕಾಣುತ್ತಿದೆ.
– ಓದುಗರು, ಮಂಗಳೂರು

ಉತ್ತರ: ಯಂತ್ರಕ್ಕಿಂತಲೂ ಇವು ಬೆಲೆಯುಳ್ಳವು. ಶಾಲೆಯ ಶಿಕ್ಷಕರೋ ಮಕ್ಕಳೋ ಬರೆದ ಪ್ರೋಗ್ರಾಂಗಳು ಅವುಗಳಲ್ಲಿದ್ದರೆ ಅವಕ್ಕೆ ಬೇರೆಲ್ಲೂ ಪ್ರತಿ ಇರಲಾರದು. ಬೂಸ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಡ್ರೈವ್‌ಗೆ ತುರುಕಬೇಡಿ: ಹೆಡ್ ಕೊಳೆಯಾಗುತ್ತದೆ, ಆ ಕೊಳೆ ಈ ಡಿಸ್ಕ್‌ನ ಕಾಂತೀಯ ಲೇಪವನ್ನು ಕೆರೆದು ಮುಂದಿನದನ್ನೂ ಹಾಳುಮಾಡುತ್ತದೆ. ಕವಚದ ಮೇಲಂಚನ್ನು ಬ್ಲೇಡಿನಿಂದ ಸೀಳಿ ಡಿಸ್ಕ್ ಹೊರತೆಗೆಯಿರಿ. ನೂಲು ಬಿಡದ ಬಟ್ಟೆಯನ್ನು 99 ಪ್ರತಿಶತ ಐಸೊಪ್ರೊಪೈಲ್‌ನಲ್ಲಿ ನೆನೆಸಿ ಒತ್ತಡವಿಲ್ಲದೆ ಒರೆಸಿ, ನೆರಳಲ್ಲಿ ಆರಿಸಿ, ಸ್ವಚ್ಛ ಕವಚವೊಂದಕ್ಕೆ ಹಾಕಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಲೇಪ ಕಳಚುತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಿ.

ಓದಿಸುವ ಮುನ್ನ ಬದಿಯ ಕಚ್ಚಿಗೆ ಸ್ಟಿಕರ್ ಅಂಟಿಸಿ. ಅದು ಅಪ್ಪಿತಪ್ಪಿ ಬರೆಯದಂತೆ ತಡೆಯುತ್ತದೆ. ‘ಗ್ರೀಸ್‌ವೀಸಲ್’ ಎಂಬ ಯುಎಸ್‌ಬಿ ಸಲಕರಣೆ ಕಾಂತೀಯ ಸಂಕೇತವನ್ನೇ ನೇರವಾಗಿ ನಕಲಿಸುತ್ತದೆ. ಆ ಮೂಲ ನಕಲನ್ನು ಉಳಿಸಿಕೊಂಡರೆ ಫೈಲುಗಳನ್ನು ಆಮೇಲೆ ನಿಧಾನವಾಗಿ ಬಿಡಿಸಿಕೊಳ್ಳಬಹುದು. 40 ಟ್ರ್ಯಾಕ್‌ನ ಡಿಸ್ಕ್‌ನಲ್ಲಿ ಒಂದು ಬದಿಗೆ 100 ಕೆಬಿ, 80 ಟ್ರ್ಯಾಕ್‌ನದರಲ್ಲಿ 200 ಕೆಬಿ. 80 ಟ್ರ್ಯಾಕ್ ಡ್ರೈವ್‌ನಲ್ಲಿ 40ರದನ್ನು ಓದುವಾಗ ಎರಡೆರಡು ಹೆಜ್ಜೆ ಇಡುವಂತೆ ಹೇಳಬೇಕು. ಕ್ಯಾಸೆಟ್‌ಗಳನ್ನು 44.1 ಕಿಲೋಹರ್ಟ್ಸ್ ‘ವೇವ್’ ಕಡತವಾಗಿ ರೆಕಾರ್ಡ್ ಮಾಡಿ, ಎಂಪಿ3 ಬೇಡ.

ಪ್ರಶ್ನೆ: ಯಾವ ವರ್ಷದ ಯಂತ್ರವೆಂದು ತಿಳಿಯುವುದು ಹೇಗೆ? ಹಳದಿಯಾಗಿರುವ ಕೇಸನ್ನು ಬಿಳುಪು ಮಾಡಲೇ?
– ಓದುಗರು, ಬೆಳಗಾವಿ

ಉತ್ತರ: ಚಿಪ್‌ಗಳ ಮೇಲಿನ ನಾಲ್ಕಂಕಿ ನೋಡಿ. 8436 ಎಂದರೆ 1984ರ 36ನೇ ವಾರ. ಬೋರ್ಡ್‌ಗೆ ಸೋಲ್ಡರ್ ಆಗಿರುವ ಚಿಪ್‌ಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಯಂತ್ರ ಅದಕ್ಕಿಂತ ಮೊದಲು ತಯಾರಾಗಿರಲಾರದು. ಸಾಕೆಟ್‌ನಲ್ಲಿರುವವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಆಮೇಲೆ ಬದಲಾಗಿರಬಹುದು. ಗಾಜಿನ ಕಿಟಕಿಯ ಈಪ್ರಾಮ್‌ಗಳಿದ್ದರೆ (ಅಳಿಸಿ ಮತ್ತೆ ಬರೆಯಬಲ್ಲ ಮೆಮೊರಿ ಚಿಪ್‌ಗಳು) ಪ್ರೋಗ್ರಾಮರ್‌ನಲ್ಲಿ ಮೂರು ಸಲ ಓದಿಸಿ ಹೋಲಿಸಿ. ಚಿಪ್ 27128 ಮಾದರಿಯದಾದರೆ ಕಡತ ಸರಿಯಾಗಿ 16,384 ಬೈಟ್ ಇರಬೇಕು. ಕಿಟಕಿಯ ಮೇಲಿನ ಚೀಟಿ ಕೀಳಬೇಡಿ, ಬೆಳಕು ಬಿದ್ದರೆ ಒಳಗಿನದು ಅಳಿಸಿಹೋಗುತ್ತದೆ.

ಬಿಳುಪಿನ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಪೆರಾಕ್ಸೈಡ್ ಹಚ್ಚಿದರೆ ಹಳದಿ ಮರಳಿ ಬರುವುದೂ ಉಂಟು, ಮಚ್ಚೆಯಾಗುವುದೂ ಉಂಟು. ಕೇಸಿನ ಮೇಲೆ ಬಣ್ಣದಲ್ಲಿ ಬರೆದ ಶಾಲೆಯ ಸ್ಟಾಕ್ ನಂಬರ್ ಇದ್ದರಂತೂ ಮುಟ್ಟಲೇಬೇಡಿ. ಆ ನಂಬರನ್ನು ಹಿಡಿದು ಶಾಲೆಯ ಹಳೆಯ ಸ್ಟಾಕ್ ರಿಜಿಸ್ಟರ್ ಕೇಳಿದರೆ ಯಂತ್ರ ಬಂದ ತಾರೀಕು, ಜೊತೆಗೆ ಬಂದ ಸಾಮಾನುಗಳ ಪಟ್ಟಿ ಅದರಲ್ಲಿರುವ ಸಾಧ್ಯತೆಯಿದೆ.