ಆಪ್ತಸಲಹೆ ಪ್ರಕರಣ: ಮುಖ್ಯೋಪಾಧ್ಯಾಯರ ಬೀರುವಿನಲ್ಲಿದ್ದ ಮೊಬೈಲ್

(ಹುಡುಗಿಯ ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳೂ ಅವಳ ತಾಯಿಯೂ ಒಪ್ಪಿದ್ದಾರೆ.)

ಈ ಪ್ರಕರಣವನ್ನು ನನ್ನ ಬಳಿಗೆ ತಂದವರು ಹುಡುಗಿಯ ಸೋದರಮಾವ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿದರು: “ಇವಳಿಗೆ ಮೊಬೈಲ್ ಚಟ ಹತ್ತಿದೆ. ನೀವು ಬಿಡಿಸಿ. ಆಗದಿದ್ದರೆ ನಾವು ಶಾಲೆಯನ್ನೇ ಬಿಡಿಸುತ್ತೇವೆ.” ಹುಡುಗಿ ಬಾಗಿಲ ಬಳಿ ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಅವಳನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಹತ್ತನೇ ತರಗತಿ. ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆ.

ಅವಳ ಅಪ್ಪ, ಅವ್ವ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಸಾಂಗಲಿ ಕಡೆಗೆ ಹೋಗುತ್ತಾರೆ. ಕಾರ್ಖಾನೆಗಳು ನುರಿಸುವುದನ್ನು ನಿಲ್ಲಿಸಿದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ ಮರಳುತ್ತಾರೆ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ತಾಂಡಾಗಳಿಂದ, ಮಳೆ ಕೈಕೊಟ್ಟ ಹಳ್ಳಿಗಳಿಂದ ಗೋವಾ, ಪುಣೆ, ಕೊಲ್ಹಾಪುರದ ದಾರಿ ಹಿಡಿಯುವ ಕುಟುಂಬಗಳು ಪ್ರತಿ ವರ್ಷವೂ ಇರುತ್ತವೆ. ಚಿಕ್ಕ ಮಕ್ಕಳು ತಾಯಿಯ ಜೊತೆ ಹೋಗುತ್ತಾರೆ, ಶಾಲೆಯ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಸುಮಾ ಉಳಿದವಳು. ಐದು ವರ್ಷದ ತಮ್ಮ ಕಬ್ಬಿನ ಗದ್ದೆಗೆ ಹೋದವನು.

ನಡೆದದ್ದು ಇಷ್ಟು. ಗಣಿತದ ಅವಧಿಯಲ್ಲಿ ಅವಳ ಚೀಲದೊಳಗಿನ ಫೋನ್ ಗುಂಯ್‌ಗುಟ್ಟಿತು. ಶಿಕ್ಷಕರು ಅದನ್ನು ಕಿತ್ತುಕೊಂಡು ಮುಖ್ಯೋಪಾಧ್ಯಾಯರಿಗೆ ಕೊಟ್ಟರು. ಸಿಬ್ಬಂದಿ ಕೊಠಡಿಯಲ್ಲಿ ಅವಳನ್ನು ನಿಲ್ಲಿಸಿ, ಲಾಕ್ ತೆಗೆಸಿ, ವಾಟ್ಸ್ಆ್ಯಪ್ ಓದಿದರು. ಬೇರೆ ಶಾಲೆಯ ಒಬ್ಬ ಹುಡುಗನ ಸಂದೇಶಗಳು ಸಿಕ್ಕವು. ಮಾವನಿಗೆ ಕರೆ ಹೋಯಿತು. ಶಿಕ್ಷಕರೆಲ್ಲರ ಎದುರು ಅವರೂ ಬೈಸಿಕೊಂಡರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮರುದಿನದಿಂದ ಸುಮಾ ಶಾಲೆಗೆ ಬರಲಿಲ್ಲ, ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಯಿತು.

ಫೋನ್ ಗುಂಯ್‌ಗುಟ್ಟಿದ್ದಕ್ಕೂ ಗಂಡು ನೋಡುವುದಕ್ಕೂ ನಡುವೆ ಎಷ್ಟು ಕಡಿಮೆ ಹೊತ್ತು ಹೋಗಿತ್ತು ಎಂಬುದನ್ನು ಗಮನಿಸಿ. ಶಾಲೆಗೆ ಮೊಬೈಲ್ ಬೇಕೋ ಬೇಡವೋ ಎಂದು ಪಟ್ಟಣದ ಸಭಾಂಗಣಗಳಲ್ಲಿ ಚರ್ಚಿಸುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ. ಸಿಕ್ಕಿಬಿದ್ದ ಹುಡುಗನಿಗೆ ಎರಡು ಏಟು ಬೀಳಬಹುದು. ಹುಡುಗಿಯ ಓದೇ ನಿಲ್ಲಬಹುದು.

ಮಾವನನ್ನು ಹೊರಗೆ ಕೂರಿಸಿ ಸುಮಾಳ ಜೊತೆ ಮಾತನಾಡಿದೆ. ಮೊಬೈಲ್ ವಿಷಯ ಎತ್ತಲಿಲ್ಲ. ಅವ್ವ ದಿನದ ಯಾವ ಹೊತ್ತಿನಲ್ಲಿ ಬಿಡುವಾಗುತ್ತಾಳೆ ಎಂದು ಕೇಳಿದೆ. ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ಮುಖ ಎತ್ತಿ ವಿವರವಾಗಿ ಹೇಳತೊಡಗಿದಳು. ನಸುಕಿನಲ್ಲೇ ಕಡಿತ ಆರಂಭ. ಟ್ರ್ಯಾಕ್ಟರ್ ತುಂಬಿ ಕಾರ್ಖಾನೆಗೆ ಹೊರಟರೆ ಸ್ವಲ್ಪ ಪುರುಸೊತ್ತು. ಅದು ಹನ್ನೊಂದಕ್ಕೆ ಆಗಬಹುದು, ಎರಡಕ್ಕೂ ಆಗಬಹುದು. ಅವ್ವನ ಬಳಿ ಇರುವುದು ಕೀಪ್ಯಾಡ್ ಫೋನ್, ಚಾರ್ಜ್ ಆಗುವುದು ಟ್ರ್ಯಾಕ್ಟರ್ ಚಾಲಕ ಮನಸ್ಸು ಮಾಡಿದಾಗ. ಕರೆ ತಪ್ಪಿಸಿಕೊಂಡು ಸಂಜೆ ತಿರುಗಿ ಮಾಡಿದರೆ ಸ್ವಿಚ್ ಆಫ್. ಹಿಂದಿನ ವರ್ಷ ಪಕ್ಕದ ಗ್ಯಾಂಗಿನ ಮಗುವೊಂದರ ಕಾಲ ಮೇಲೆ ಟ್ರ್ಯಾಕ್ಟರ್ ಹಾದಿತ್ತು. ಅಂದಿನಿಂದ ಕರೆ ಬಾರದ ದಿನ ತಮ್ಮನದೇ ಯೋಚನೆ. ಗಣಿತದ ಅವಧಿ ಹನ್ನೊಂದೂವರೆಗೆ. ಅವಳ ಕೈ ಚೀಲದೊಳಗೆ ಹೋಗುತ್ತಲೇ ಇತ್ತು.

ಹಾಗೆಂದು ಇದನ್ನು ತಾಯಿಗಾಗಿ ಹಂಬಲಿಸಿದ ಮಗಳ ಕಥೆಯಾಗಿ ಮಾತ್ರ ಬರೆದರೆ ಅರ್ಧ ಸುಳ್ಳಾಗುತ್ತದೆ. ಅಜ್ಜಿ ಎಂಟಕ್ಕೆಲ್ಲ ಮಲಗುತ್ತಾಳೆ. ಆಮೇಲೆ ಮನೆಯಲ್ಲಿ ಎಚ್ಚರವಿರುವುದು ಸುಮಾ ಮತ್ತು ಫೋನ್. ರೀಲ್ಸ್ ನೋಡುತ್ತ ಮಲಗುವ ಹೊತ್ತಿಗೆ ರಾತ್ರಿ ಒಂದು, ಒಂದೂವರೆ ಆಗಿರುತ್ತದೆ ಎಂದು ಅವಳೇ ಹೇಳಿದಳು. ಬೆಳಿಗ್ಗೆ ಐದೂವರೆಗೆ ಏಳಬೇಕು. ಶಾಲೆಯಲ್ಲಿ ಎರಡನೇ ಅವಧಿಗೇ ಕಣ್ಣು ಎಳೆಯುತ್ತದೆ. ಅರ್ಧವಾರ್ಷಿಕದಲ್ಲಿ ಅಂಕ ಇಳಿದದ್ದಕ್ಕೆ ಶಿಕ್ಷಕರು ಶಾಲೆಗೆ ತಂದ ಫೋನನ್ನು ದೂರಿದರು. ನನ್ನ ಅಂದಾಜಿನಲ್ಲಿ ಹೆಚ್ಚಿನ ಹಾನಿ ಮಾಡಿದ್ದು ಮನೆಯಲ್ಲಿ ರಾತ್ರಿ ಹಿಡಿದ ಫೋನು. ಅದನ್ನು ಯಾವ ಶಾಲೆಯ ಸುತ್ತೋಲೆಯೂ ಮುಟ್ಟುವುದಿಲ್ಲ.

ಹುಡುಗನ ವಿಷಯ. ಸಂದೇಶಗಳನ್ನು ನಾನು ಓದಲಿಲ್ಲ, ಓದಲು ಕೇಳಲೂ ಇಲ್ಲ. ಇಂಥ ಪ್ರಕರಣಗಳಲ್ಲಿ ನಾನು ಕೇಳುವುದು ಮೂರೇ ಪ್ರಶ್ನೆ: ಯಾರಾದರೂ ಫೋಟೊ ಕೇಳಿದ್ದಾರೆಯೇ, ಹಣ ಕೇಳಿದ್ದಾರೆಯೇ, ಯಾರಿಗೂ ಹೇಳದೆ ಬಂದು ಭೇಟಿಯಾಗು ಎಂದಿದ್ದಾರೆಯೇ. ಮೂರಕ್ಕೂ ಇಲ್ಲ ಎಂದಳು, ತಡವರಿಸದೆ. ಒಂದಕ್ಕಾದರೂ ಹೌದು ಎಂದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೋ, ಹಣದ ವಂಚನೆಯಾಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಅಲ್ಲಿಂದಲೇ ಕರೆ ಮಾಡುತ್ತಿದ್ದೆ. ಅವಳು ಹೇಳಿದಂತೆ ಅವುಗಳಲ್ಲಿದ್ದದ್ದು ಗಣಿತದ ಲೆಕ್ಕ, ಶುಭರಾತ್ರಿ, ನಗುವ ಮುಖಗಳು. ಹದಿನೈದರ ವಯಸ್ಸಿನಲ್ಲಿ ಅದು ಇರುತ್ತದೆ. ಮೊಬೈಲ್ ಬರುವ ಮೊದಲು ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಇರುತ್ತಿತ್ತು.

“ಚಟ” ಎಂಬ ಮಾವನ ಆರೋಪಕ್ಕೂ ಉತ್ತರ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣದಲ್ಲಿ ಕಾಯಿಲೆ ಎಂದು ಗುರುತಿಸಿರುವುದು ಗೇಮ್ ಆಡುವ ವ್ಯಸನವನ್ನು. ಅದಕ್ಕೂ ಸಾಮಾನ್ಯವಾಗಿ ಹನ್ನೆರಡು ತಿಂಗಳ ಲಕ್ಷಣ ಬೇಕು, ಓದು, ಮನೆ, ಒಡನಾಟದಂಥ ಬದುಕಿನ ಮುಖ್ಯ ಭಾಗಗಳು ಗಂಭೀರವಾಗಿ ಕೆಟ್ಟಿರಬೇಕು. ಅಂಥ ಮಕ್ಕಳೂ ಇದ್ದಾರೆ. ಅವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವೇ 2014ರಿಂದ ನಡೆಯುತ್ತಿದೆ. ದೂರ ಹೋಗಲಾಗದವರು 14416ಕ್ಕೆ, ಅಂದರೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸುಮಾಳದು ನಿದ್ದೆಗೆಟ್ಟ, ಒಂಟಿಯಾದ ಹುಡುಗಿಯ ಅಭ್ಯಾಸ. ಅದಕ್ಕೆ ಆಸ್ಪತ್ರೆ ಬೇಕಿರಲಿಲ್ಲ.

ಅವಳಿಗೆ ನಾನು ಕೊಟ್ಟ ಸಲಹೆ ತೀರ ಸಾದಾ. ಒಂಬತ್ತೂವರೆಗೆ ಫೋನ್ ಅಡುಗೆ ಮನೆಯ ಮಾಡದಲ್ಲಿ, ಚಾರ್ಜರ್ ಸಮೇತ. ಅಲಾರಂಗೆ ಫೋನ್ ಬೇಕು ಎಂಬ ನೆಪ ತಕ್ಷಣ ಬಂತು, ಬರುತ್ತದೆ ಎಂದು ಗೊತ್ತಿತ್ತು. ಸಂತೆಯಲ್ಲಿ ಒಂದು ಅಲಾರಂ ಗಡಿಯಾರ ಕೊಳ್ಳಲು ಹೇಳಿದೆ. ಇನ್‌ಸ್ಟಾಗ್ರಾಂ ತೆಗೆದುಹಾಕು ಎನ್ನಲಿಲ್ಲ. ತೆಗೆಸಿದ್ದನ್ನು ಮಕ್ಕಳು ಮರುದಿನ ಗೆಳತಿಯ ಫೋನಿನಲ್ಲಿ ತೆರೆಯುತ್ತಾರೆ. ಕರೆ ಬಿಟ್ಟು ಬೇರೆ ಎಲ್ಲದರ ಸದ್ದು, ಸೂಚನೆಗಳನ್ನು ಮಾತ್ರ ಇಬ್ಬರೂ ಕೂತು ನಿಲ್ಲಿಸಿದೆವು. ಅವ್ವನೊಂದಿಗೆ ಒಪ್ಪಂದ: ಮಾತು ರಾತ್ರಿ ಎಂಟಕ್ಕೆ, ಊಟದ ಹೊತ್ತಿಗೆ. ಹಗಲಿನಲ್ಲಿ ಏನಾದರೂ ಆದರೆ ಕರೆ ಶಾಲೆಯ ಕಚೇರಿಗೆ. ಈ ಕೊನೆಯ ಮಾತಿಗೆ ಸುಮಾ ಮೊದಲ ಬಾರಿ ನಕ್ಕಳು. “ಕಚೇರಿಯಲ್ಲಿ ಫೋನೇ ಇಲ್ಲ, ಮೇಡಂ.”

ಹಾಗಾಗಿ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ, ದಣಿದವರು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಗಳ ಮೇಲೆ ಕ್ಯಾಮೆರಾದ ನೇರ ನಿಗಾ, ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಕುಸಿದಿತ್ತು. ಅದರ ಬಿಸಿ ಪ್ರತಿ ಶಾಲೆಗೂ ತಟ್ಟಿದೆ. ಸಂಜೆ ಆರರವರೆಗೆ ವಿಶೇಷ ತರಗತಿ, ಮೇಲಿನಿಂದ ವಾರವಾರ ವರದಿಯ ಒತ್ತಡ. ಮಾತಿನ ನಡುವೆ ಬೀರುವಿನ ಬಾಗಿಲು ತೆರೆದು ತೋರಿಸಿದರು. ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹೆಸರು ಬರೆದಿಟ್ಟ ಫೋನುಗಳು ಒಂದರ ಮೇಲೊಂದು. ಕೆಲವು ತಿಂಗಳುಗಟ್ಟಲೆಯಿಂದ ಅಲ್ಲೇ ಇದ್ದವು. ನಾವು ನೋಡುತ್ತಿದ್ದಂತೆಯೇ ಒಂದು ಪೊಟ್ಟಣ ಒಳಗಿನಿಂದ ಹಾಡತೊಡಗಿತು. ಅವರು ಬಾಗಿಲು ಮುಚ್ಚಿ, “ದಿನವೂ ಇದೇ” ಎಂದರು.

ತರಗತಿಯೊಳಗೆ ಸ್ಮಾರ್ಟ್‌ಫೋನ್ ಇರಬಾರದು ಎಂಬುದರಲ್ಲಿ ನಾನು ಅವರ ಪಕ್ಷ. ಅದನ್ನು ಮೊದಲೇ ಹೇಳಿದೆ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಹದಿನೈದರೊಳಗಿನ ಮಕ್ಕಳ ಶಾಲೆಗಳಲ್ಲಿ ಫೋನ್ ಬಳಕೆ ನಿಲ್ಲಿಸಿತು. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ, ಕಲಿಕೆಗೆ ನೆರವಾಗುವಲ್ಲಿ ಮಾತ್ರ ತಂತ್ರಜ್ಞಾನ ಬಳಸಿ ಎಂದಿತು. ಆದರೆ ನಿಷೇಧಿಸಿದೊಡನೆ ಫಲಿತಾಂಶ ಏರುತ್ತದೆ ಎಂದು ಕಾಯುವುದು ಬೇಡ ಎಂದೂ ನಾನು ಅವರಿಗೆ ಹೇಳಿದೆ. ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳ ಅಧ್ಯಯನವೊಂದರಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನಿಷೇಧದಿಂದ ಲಾಭವಾದದ್ದು ಕಂಡಿತ್ತು. ಅದೇ ವಿಧಾನದಲ್ಲಿ ಸ್ವೀಡನ್ನಿನಲ್ಲಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ. ನಮ್ಮಲ್ಲೂ 2025ರಲ್ಲಿ ದೆಹಲಿ ಹೈಕೋರ್ಟ್ ಸಂಪೂರ್ಣ ನಿಷೇಧ ಸರಿಯೂ ಅಲ್ಲ, ಸಾಧ್ಯವೂ ಅಲ್ಲ ಎಂದು ಹೇಳಿ, ಸಾಧ್ಯವಿರುವಲ್ಲಿ ಶಾಲೆಗೆ ಬಂದೊಡನೆ ಫೋನ್ ಒಪ್ಪಿಸಿ ಮನೆಗೆ ಹೋಗುವಾಗ ಮರಳಿ ಪಡೆಯುವ ವ್ಯವಸ್ಥೆಯನ್ನು ಸೂಚಿಸಿತು. ಆ ತೀರ್ಪು ನಮ್ಮ ರಾಜ್ಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ವಿವೇಕ ಇಂಡಿ, ಸಿಂದಗಿಗೂ ಹೊಂದುತ್ತದೆ.

ಅವರು ಸುಮ್ಮನೆ ಒಪ್ಪುವವರಲ್ಲ. “ನಮ್ಮ ವಶದಲ್ಲಿ ಕಳೆದರೆ ಹಣ ಯಾರು ಕೊಡುತ್ತಾರೆ?” ಎಂದರು. ನ್ಯಾಯವಾದ ಪ್ರಶ್ನೆ. ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ, ವಹಿಯಲ್ಲಿ ನಮೂದು, ತರಗತಿಗೊಂದು ಬೀಗದ ಪೆಟ್ಟಿಗೆ, ತರಲೇಬೇಕಾದವರು ಕೀಪ್ಯಾಡ್ ಫೋನನ್ನೇ ತರುವುದು ಎಂದು ಮಾತಾಯಿತು. ಎರಡನೆಯ ಪ್ರಶ್ನೆಯನ್ನು ನಾನು ಕೇಳಿದೆ: ಶಾಲೆಗೆ ಫೋನ್ ಬೇಡ ಎನ್ನುವವರು ಹತ್ತನೇ ತರಗತಿಯ ಟಿಪ್ಪಣಿಗಳನ್ನು ರಾತ್ರಿ ಏಳಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೇಕೆ? ಕೊರೊನಾ ಕಾಲದಲ್ಲಿ ಶುರುವಾದದ್ದು, ಹಾಗೇ ನಡೆದುಕೊಂಡು ಬಂದಿದೆ ಎಂದರು. 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 14ರಿಂದ 16ರ ಮಕ್ಕಳ ಪೈಕಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ. 36ರಷ್ಟು ಜನರಿಗೆ ಸ್ವಂತ ಫೋನ್ ಇತ್ತು, ಹುಡುಗಿಯರಲ್ಲಿ ಶೇ. 27ರಷ್ಟು ಮಾತ್ರ. ಉಳಿದವರು ಅಣ್ಣನನ್ನೋ ಮಾವನನ್ನೋ ಬೇಡಬೇಕು. ಟಿಪ್ಪಣಿಯನ್ನು ಫಲಕಕ್ಕೆ ಅಂಟಿಸಿ, ಹತ್ತು ಪ್ರತಿ ಝೆರಾಕ್ಸ್ ಮಾಡಿಸಿ ಎಂದೆ.

ನಾನು ಹಟ ಹಿಡಿದದ್ದು ಎರಡು ವಿಷಯಕ್ಕೆ. ಮೊದಲನೆಯದು, ಕಚೇರಿಗೊಂದು ಫೋನ್. ಸಾವಿರ, ಒಂದೂವರೆ ಸಾವಿರದ ಕೀಪ್ಯಾಡ್ ಫೋನ್ ಸಾಕು. ಗುಳೆ ಹೋಗುವ ಪ್ರತಿ ಕುಟುಂಬಕ್ಕೂ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಅವರು ಹೊರಡುವ ಮೊದಲು, ದಸರಾ ರಜೆಗೆ ಮುನ್ನವೇ. ಕರೆ ಬಂದರೆ ಮಗುವನ್ನು ತರಗತಿಯಿಂದ ಕರೆಸಬೇಕು. “ನಾವೇನು ಟೆಲಿಫೋನ್ ಬೂತ್ ನಡೆಸುತ್ತೇವೆಯೇ?” ಎಂದು ಅವರು ರೇಗಿದರು. ಮಗುವಿನ ಕೈಯಿಂದ ಬೂತ್ ಕಿತ್ತುಕೊಂಡವರು ಅದನ್ನು ನಡೆಸಲೂ ಬೇಕು ಎಂದೆ. ಎರಡನೆಯದು, ವಶಪಡಿಸಿಕೊಂಡ ಫೋನನ್ನು ಯಾರೂ ತೆರೆಯಬಾರದು. ಬೆದರಿಕೆಯೋ ದೌರ್ಜನ್ಯವೋ ಇದೆ ಎಂಬ ಗುಮಾನಿ ಬಂದರೆ ಪಾಲಕರು, ಮಕ್ಕಳ ರಕ್ಷಣಾ ಘಟಕ, ಪೊಲೀಸರು ಇದ್ದಾರೆ. ಹದಿನೈದರ ಹುಡುಗಿಯ ಸಂದೇಶಗಳನ್ನು ಗಟ್ಟಿಯಾಗಿ ಓದುವುದು ಶಿಸ್ತಿನ ಯಾವ ಕ್ರಮವೂ ಅಲ್ಲ. ಇದನ್ನು ಹೇಳುವಾಗ ನನ್ನ ಧ್ವನಿ ಏರಿತ್ತು, ಇಳಿಸಲೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಮಾವನ ಜೊತೆಗಿನ ಮಾತು. ಅವರಿಗೆ ಮೊಬೈಲ್ ಒಂದು ನೆಪ. ಹೆದರಿಕೆ ಇದ್ದದ್ದು ಊರ ಬಾಯಿಗೆ. ಕಾನೂನನ್ನು ನೇರವಾಗಿ ಹೇಳಿದೆ: ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಮಾಡಿಸಿದವರಿಗೂ ಶಿಕ್ಷೆ, 1098ಕ್ಕೆ ಒಂದು ಕರೆ ಹೋದರೆ ಅಧಿಕಾರಿಗಳು ಮಂಟಪಕ್ಕೇ ಬರುತ್ತಾರೆ. ಅವರು ಕದಲಲಿಲ್ಲ. ಆಮೇಲೆ ಅವರ ಮಗನ ವಿಷಯ ಕೇಳಿದೆ. ಕಳೆದ ವರ್ಷ ಅದೇ ಬೀರುವಿನಲ್ಲಿ ಅವನ ಫೋನೂ ಇತ್ತು. ಅವನಿಗೆ ಶಾಲೆ ಬಿಡಿಸಿದಿರಾ? “ಅವನು ಹುಡುಗ” ಎಂದರು. ಹೇಳಿದ ಮೇಲೆ ತಾವೇ ಕಿಟಕಿಯ ಕಡೆ ನೋಡಿದರು.

ಅವರನ್ನು ಕೊನೆಗೆ ಒಪ್ಪಿಸಿದವಳು ಸುಮಾಳ ಅವ್ವ. ರಾತ್ರಿ ಎಂಟಕ್ಕೆ ಸ್ಪೀಕರ್ ಹಾಕಿ ಎಲ್ಲರೂ ಕೂತೆವು. ಹಿಂದೆ ಟ್ರ್ಯಾಕ್ಟರ್ ಸದ್ದು, ಯಾರೋ ಮರಾಠಿಯಲ್ಲಿ ಕೂಗುವುದು. ಮಗಳು ಏನು ಮಾಡಿದಳು ಎಂದು ಅವಳು ಕೇಳಲಿಲ್ಲ. “ಅಣ್ಣಾ, ನಾನು ಕಬ್ಬು ಕಡಿಯುವುದು ಅವಳು ಕಡಿಯಬಾರದು ಎಂದು. ಶಾಲೆ ಬಿಡಿಸಬೇಡ” ಎಂದಳು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಮಾರ್ಟ್‌ಫೋನ್ ತಮ್ಮ ಬಳಿ ಇರಲಿ, ಅವಳಿಗೆ ಸಾದಾ ಫೋನ್ ಸಾಕು ಎಂಬ ಷರತ್ತು ಹಾಕಿದರು. ನಾನು ಅರ್ಧ ಒಪ್ಪಿದೆ. ಶಾಲೆಯ ದಿನಗಳಲ್ಲಿ ಸಾದಾ ಫೋನ್. ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆದು ಪಾಠ ನೋಡಲು ಶನಿವಾರ ಸಂಜೆ, ಭಾನುವಾರ ಸ್ಮಾರ್ಟ್‌ಫೋನ್ ಅವಳ ಕೈಗೆ, ಲಾಕ್ ಅವಳದೇ. ಸುಮಾ ಮುಖ ಸೊಟ್ಟ ಮಾಡಿದಳು, ಆದರೆ ಒಪ್ಪಿದಳು.

ಅವಳು ಈಗ ಶಾಲೆಗೆ ಬರುತ್ತಿದ್ದಾಳೆ. ಮೊದಲ ವಾರ ಹಿಂದಿನ ಬೆಂಚಿನವರು ಅವಳನ್ನು ಆ ಹುಡುಗನ ಹೆಸರಿನಿಂದ ಕೂಗುತ್ತಿದ್ದರು. ತರಗತಿ ಶಿಕ್ಷಕಿ ಅದನ್ನು ನಿಲ್ಲಿಸಿದರು. ವಾರದ ದಿನಗಳಲ್ಲಿ ಹತ್ತಕ್ಕೆ ಮಲಗುತ್ತಾಳೆ, ಶನಿವಾರ ರಾತ್ರಿಯ ಬಗ್ಗೆ ಕೇಳಿದರೆ ಮಾತು ಹಾರಿಸುತ್ತಾಳೆ. ಕಚೇರಿಗೆ ಫೋನ್ ಬಂದಿದೆ, ಜವಾನ ಕರೆಗಳನ್ನು ವಹಿಯಲ್ಲಿ ಬರೆದಿಡುತ್ತಾನೆ. ಬೀರುವಿನ ಹಳೆಯ ಫೋನುಗಳನ್ನು ಪಾಲಕರನ್ನು ಕರೆಸಿ ಮರಳಿಸಲಾಗಿದೆ, ಫೋನ್ ತೆರೆಯಬಾರದು ಎಂಬ ನಿಯಮ ಬರಹದಲ್ಲಿದೆ. ವಾಟ್ಸ್ಆ್ಯಪ್ ಟಿಪ್ಪಣಿ ಮಾತ್ರ ನಿಂತಿಲ್ಲ. ಝೆರಾಕ್ಸ್‌ಗೆ ಹಣ ಎಲ್ಲಿಂದ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಾಠದ ನಡುವೆ ಶಿಕ್ಷಕರೇ ಫೋನ್ ತೆಗೆದು ಮಾತನಾಡುವುದನ್ನೂ ನಿಯಮಕ್ಕೆ ಸೇರಿಸಿ ಎಂದು ಮಕ್ಕಳು ಬರೆದುಕೊಟ್ಟಿದ್ದಾರೆ. ಮುಖ್ಯೋಪಾಧ್ಯಾಯರು ಅದನ್ನು ಮುಂದಿನ ಶಾಲಾಭಿವೃದ್ಧಿ ಸಮಿತಿ ಸಭೆಯ ಕಾರ್ಯಸೂಚಿಗೆ ಹಾಕಿದ್ದಾರೆ.