ಕೋಟೆ ಕಡೆ 'ಕ್ರಾಸ್ ಮಾಡಿದ್ರಾ?' ಅಂದ್ರೆ

ಎಚ್.ಡಿ. ಕೋಟೆ ಕಡೆಯ ಜನ ಮಾತುಮಾತಿಗೂ 'ಕ್ರಾಸ್' ಅನ್ನುತ್ತಾರಲ್ಲ, ಯಾಕೆ ಅಂತ ಕೇಳಿದ್ದೀರಿ. ಹೊಳೆ, ಹಳ್ಳ ಆದರೆ ನಾವೂ ದಾಟುತ್ತೇವೆ. ಕಾಡಿನ ರಸ್ತೆ ಅಂದ ಕೂಡಲೇ ಬಾಯಿಗೆ ಬರುವುದು ಮಾತ್ರ ಕ್ರಾಸ್.

ಅಂತರಸಂತೆ ಕಳೆದು ಮುಂದೆ ಹೋದರೆ ನಾಗರಹೊಳೆ ಕಾಡು. ಅದು ಮುಗಿಯುವುದು ಬಾವಲಿಯಲ್ಲಿ, ಅಲ್ಲಿಂದಾಚೆ ಕೇರಳ. ಈ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಗೇಟ್ ಮುಚ್ಚುತ್ತಾರೆ, ಗಾಡಿ ಬಿಡುವುದಿಲ್ಲ. ಕೇರಳದ ಮಾನಂದವಾಡಿಗೆ ಹೆಣ್ಣು ಕೊಟ್ಟವರಿದ್ದಾರೆ, ಶುಂಠಿ ಹಾಕೋಕೆ ಆ ಕಡೆಯಿಂದ ಬರುವವರಿದ್ದಾರೆ, ಓಡಾಟ ತಪ್ಪಿದ್ದಲ್ಲ. ಹಾಗಾಗಿ ಐದು ಗಂಟೆ ದಾಟಿತು ಅಂದರೆ ಮನೆಯಿಂದ ಫೋನ್ ಶುರು: 'ಗೇಟ್ ಕ್ರಾಸ್ ಮಾಡಿದ್ರಾ?' 'ಮಾಡ್ಬುಟ್ಟೆ ಕಣಕ್ಕಾ' ಅಂದರೆ ಅಡುಗೆಗೆ ಇಡುತ್ತಾರೆ. ಇಲ್ಲ ಅಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಬೇಕು, ಅಥವಾ ಈ ಕಡೆಯೇ ಯಾರದಾದರೂ ನೆಂಟರ ಮನೆಯಲ್ಲಿ ಉಳಿಯಬೇಕು.

ಕ್ರಾಸ್ 'ಮಾಡು' ಅಂದರೆ ಮನುಷ್ಯರು, ಕ್ರಾಸ್ 'ಆಗು' ಅಂದರೆ ಆನೆ. ಎದುರಿಗೆ ಬರುವ ಡ್ರೈವರ್ ಕೈ ಅಲ್ಲಾಡಿಸಿ 'ಕ್ರಾಸ್ ಆಯ್ತಾ ಅವೆ' ಅಂದರೆ ಮರುಮಾತಿಲ್ಲದೆ ನಿಲ್ಲಿಸಿಬಿಡಿ. ಯಾವ ಪ್ರಾಣಿ ಅಂತ ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹುಲ್ಲು ಬಂದಾಗ ಆನೆಗಳು ಹಿಂಡುಹಿಂಡಾಗಿ ಆ ಕಡೆ ಇಳಿಯುತ್ತವೆ. ದೊಡ್ಡ ಹೆಣ್ಣಾನೆ ರಸ್ತೆಗೆ ಬಂದು ನಿಲ್ಲುತ್ತದೆ, ಸೊಂಡಿಲೆತ್ತಿ ವಾಸನೆ ನೋಡುತ್ತದೆ, ಆಮೇಲೆ ಮಿಕ್ಕವು. ಎಲ್ಲ ಹೋದವು ಅಂತ ಗಾಡಿ ಎತ್ತಬೇಡಿ. ಪೊದೆ ಹಿಂದೆ ಮರಿಯ ಜೊತೆ ಇನ್ನೊಂದು ಇರಬಹುದು. ಹಾರ್ನ್ ಬೇಡ, ಕೆಳಗಿಳಿದು ಫೋಟೋ ಅಂತೂ ಬೇಡವೇ ಬೇಡ. ದಯವಿಟ್ಟು ಇದೊಂದು ಮಾತು ಕೇಳಿ.

ಮೈಸೂರಿಗೆ ಬಂದರೆ ಇದೇ ಕ್ರಾಸ್ ಬರೀ ವಿಳಾಸ: ಎಷ್ಟನೇ ಮೇನ್, ಎಷ್ಟನೇ ಕ್ರಾಸ್, ಅಷ್ಟೇ. ಕೋರ್ಟಿನಲ್ಲಿ ವಕೀಲರು ಸಾಕ್ಷಿಯನ್ನು ಕ್ರಾಸ್ ಮಾಡುತ್ತಾರೆ, ಅಂದರೆ ಪಾಟೀಸವಾಲು. ಚಾಮರಾಜನಗರದ ರೈಲು ಸುಮ್ನೆ ನಿಂತಿದ್ದರೆ 'ಕ್ರಾಸಿಂಗ್ ಇರ್ಬೇಕು' ಅನ್ನುತ್ತಾರೆ. ಒಂದೇ ಹಳಿ, ಎದುರಿನದು ಬಂದು ಹೋಗುವವರೆಗೆ ಕಾಯಬೇಕಲ್ವಾ.

ಇನ್ನು ಹಳ್ಳಿಯಲ್ಲಿ ಬೆಳಿಗ್ಗೆ ಪಶು ವೈದ್ಯರಿಗೆ ಫೋನ್ ಮಾಡಿ 'ಕ್ರಾಸ್ ಮಾಡಿಸ್ಬೇಕು, ಬೇಗ ಬನ್ನಿ' ಅಂದರೆ ಗಾಬರಿಯಾಗಬೇಡಿ. ಹಸು ಬೆದೆಗೆ ಬಂದಿದೆ, ಇಂಜೆಕ್ಷನ್ ಅಂತ ಹಳ್ಳಿಯಲ್ಲಿ ಅನ್ನುವ ಕೃತಕ ಗರ್ಭಧಾರಣೆ ಮಾಡಿಸಬೇಕು. ತಡವಾದರೆ ಹಸು ಗಬ್ಬ ನಿಲ್ಲುವುದಿಲ್ಲ, ಮತ್ತೆ ಮೂರು ವಾರ ಕಾಯಬೇಕು. ಆ ಆತುರವೇ ಅದು.