ಅತ್ತೆ ಬಂದಾಗ ಹಿಟ್ಟಿನ ಪ್ಯಾಕೆಟ್ ಬಚ್ಚಿಡುತ್ತೇನೆ

ಪ್ರಶ್ನೆ: ನನಗೆ 34 ವರ್ಷ. ಮೈಸೂರಿನ ವಿಜಯನಗರದಲ್ಲಿ ಮನೆ, ಹೆಬ್ಬಾಳದ ಕಂಪನಿಯೊಂದರಲ್ಲಿ ಕೆಲಸ. ಯಜಮಾನರು ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮೇಲೆ ದುಡಿಯುತ್ತಾರೆ. ಮಗಳಿಗೆ 8, ಮಗನಿಗೆ 5. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ, ಡೇ ಕೇರ್‌ನಿಂದ ಮಕ್ಕಳನ್ನು ಕರೆದುಕೊಂಡು ಬರುವಾಗ ಸಂಜೆ ಆರೂವರೆ. ಬೆಳಿಗ್ಗೆ ಪ್ಯಾಕೆಟ್ ದೋಸೆ ಹಿಟ್ಟು, ಡಬ್ಬಿಗೆ ಅಂಗಡಿಯ ಅರೆಬೆಂದ ಚಪಾತಿ, ವಾರದಲ್ಲಿ ಮೂರು ನಾಲ್ಕು ಸಂಜೆ ನೂಡಲ್ಸ್, ಇಲ್ಲದಿದ್ದರೆ ಫ್ರೀಜರ್‌ನ ನಗೆಟ್ಸ್. ಹಾಲಿಗೆ ಮಾಲ್ಟ್ ಪುಡಿ. ಫಸ್ಟ್ ಶಿಫ್ಟ್ ಇದ್ದಾಗ ಯಜಮಾನರು ಮೂರೂವರೆಗೇ ಬರುತ್ತಾರೆ, ಆದರೆ ಸುಸ್ತಾಗಿ ಮಲಗಿಬಿಡುತ್ತಾರೆ. ದಸರಾಗೆ ಮದ್ದೂರಿನ ಹತ್ತಿರದ ಹಳ್ಳಿಯಿಂದ ಅತ್ತೆ ಬಂದಿದ್ದರು. ಹಿಟ್ಟನ್ನು ಸ್ಟೀಲ್ ಪಾತ್ರೆಗೆ ಸುರಿದು, ಖಾಲಿ ಪ್ಯಾಕೆಟ್ ಪೇಪರಲ್ಲಿ ಸುತ್ತಿ ಆಫೀಸಿಗೆ ಒಯ್ದು ಎಸೆದೆ. ಆದರೆ ಮಗ "ಅಜ್ಜಿ, ಅದು ಅಂಗಡಿ ಹಿಟ್ಟು" ಅಂದುಬಿಟ್ಟ. ಸಿಟ್ಟಿಗೆ ಅವನ ತೊಡೆ ಚಿವುಟಿದೆ. ಅತ್ತೆ, "ನಾವು ಗದ್ದೆ ಕೆಲಸ ಮುಗಿಸಿ ಬಂದು ಮುದ್ದೆ ಕಟ್ತಿದ್ವು" ಅಂದರು. ಯಜಮಾನರು ತುಟಿ ಬಿಚ್ಚಲಿಲ್ಲ. ಈಗ ಮಗಳಿಗೆ ರಕ್ತ ಸ್ವಲ್ಪ ಕಡಿಮೆ ಇದೆ ಎಂದು ಡಾಕ್ಟರ್ ಟಾನಿಕ್ ಬರೆದಿದ್ದಾರೆ. ಎಲ್ಲ ನನ್ನಿಂದಲೇ ಅನ್ನಿಸುತ್ತಿದೆ. ಕೆಲಸ ಬಿಟ್ಟುಬಿಡಲಾ? ನಗೆಟ್ಸ್ ಪೂರ್ತಿ ಬಂದ್ ಮಾಡಬೇಕಾ?
– ಹೆಸರು ಬೇಡ, ಮೈಸೂರು

ಉತ್ತರ: ಕೆಲಸ ಬಿಡಬೇಡಿ. ಬೇರೆ ಯಾವುದಾದರೂ ಕಾರಣ ಇದ್ದರೆ ಆಮೇಲೆ ಮಾತಾಡೋಣ, ದೋಸೆ ಹಿಟ್ಟಿನ ಕಾರಣಕ್ಕಂತೂ ಬೇಡ. ಇನ್ನು ನಾಲ್ಕೈದು ವರ್ಷಕ್ಕೆ ಮಕ್ಕಳು ತಾವೇ ತಟ್ಟೆ ಹಾಕಿಕೊಳ್ಳುವಷ್ಟು ದೊಡ್ಡವರಾಗುತ್ತಾರೆ. ಬಿಟ್ಟ ಕೆಲಸ ಆಗ ಕರೆದರೆ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು ಮಗನ ವಿಷಯ. ಅವನು ಸುಳ್ಳು ಹೇಳಲಿಲ್ಲ, ಚಾಡಿಯೂ ಹೇಳಲಿಲ್ಲ. ಕಂಡದ್ದು ಹೇಳಿದ, ಅಷ್ಟೇ. ಇವತ್ತೇ ಕೂರಿಸಿಕೊಂಡು "ನೀನು ಹೇಳಿದ್ದು ನಿಜ ಕಂದ, ಅಮ್ಮ ಚಿವುಟಬಾರದಿತ್ತು" ಅನ್ನಿ. ನೂಡಲ್ಸಿನಿಂದ ಆಗಬಹುದಾದ ನಷ್ಟಕ್ಕಿಂತ, ಊಟದ ವಿಷಯ ಮುಚ್ಚಿಡಬೇಕಾದದ್ದು ಎಂದು ಐದು ವರ್ಷದ ಮಗು ಕಲಿತರೆ ಆಗುವ ನಷ್ಟ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಪ್ಯಾಕೆಟ್. ನೀವು ಎಲ್ಲ ಪ್ಯಾಕೆಟ್ಟನ್ನೂ ಒಂದೇ ಗಂಟಿಗೆ ಕಟ್ಟಿ, ಆ ಗಂಟನ್ನು ನಿಮ್ಮ ತಲೆ ಮೇಲೆ ಇಟ್ಟುಕೊಂಡಿದ್ದೀರಿ. ಬಿಚ್ಚಿ ನೋಡಿ. ದೋಸೆ ಹಿಟ್ಟು ಎಂದರೆ ಅಕ್ಕಿ, ಉದ್ದು, ಮೆಂತ್ಯ, ಉಪ್ಪು, ನೀರು. ಬೇರೆಯವರು ರುಬ್ಬಿದ್ದಾರೆ ಅನ್ನೋದು ಬಿಟ್ಟರೆ ಅದರಲ್ಲಿ ತಪ್ಪೇನಿದೆ? ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಇಷ್ಟೇ ಇದ್ದು, ತಾರೀಖು ಸರಿಯಿದ್ದರೆ ಧೈರ್ಯವಾಗಿ ತನ್ನಿ. ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಚಪಾತಿ ಪ್ಯಾಕೆಟ್‌ನಲ್ಲಿ ಮೊದಲ ಹೆಸರು ಗೋಧಿ ಹಿಟ್ಟಾ, ಮೈದಾನಾ? ಅದೊಂದು ಸಾಲು ಓದಿದರೆ ಅರ್ಧ ವಿಷಯ ತಿಳಿಯುತ್ತದೆ.

ಅಂದಹಾಗೆ, ನೀವಿರುವ ಊರನ್ನೂ ನೆನಪಿಸಿಕೊಳ್ಳಿ. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಬಂಗಲೆಯಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಮಕ್ಕಳಿಗೆ ಹಾಲಿನ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು ಅಲ್ಲೇ. ಗಡಿಯಲ್ಲಿರುವ ಸೈನಿಕರಿಗೆ ಕೆಡದ ಊಟದ ಪ್ಯಾಕೆಟ್ ರೂಪಿಸುವ ಡಿಎಫ್‌ಆರ್‌ಎಲ್ ಕೂಡ 1961ರಿಂದ ಮೈಸೂರಿನಲ್ಲೇ ಇದೆ. ದೇಶಕ್ಕೇ ಪ್ಯಾಕೆಟ್ ಊಟದ ವಿದ್ಯೆ ಕಲಿಸಿದ ಊರಿನಲ್ಲಿ ನೀವೊಬ್ಬರೇ ಕವರನ್ನು ಆಫೀಸಿಗೆ ಒಯ್ದು ಎಸೆಯುವ ಕಷ್ಟ ಯಾಕೆ?

ಹಾಗಂತ ನೂಡಲ್ಸಿಗೆ ನಾನು ವಕಾಲತ್ತು ವಹಿಸುವುದಿಲ್ಲ. ಮೈದಾ, ಎಣ್ಣೆ, ಉಪ್ಪು, ಅಷ್ಟೇ ಅದು. ಪ್ಯಾಕೆಟ್ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದೊಡ್ಡವರೇ ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಎಷ್ಟೋ ಸಲ ಆ ಅಂಕಿ 100 ಗ್ರಾಂಗೆ ಬರೆದದ್ದು, ಪೂರ್ತಿ ಪ್ಯಾಕೆಟ್‌ಗೆ ಅಲ್ಲ. ಅದನ್ನೂ ನೋಡಿಕೊಳ್ಳಿ. ವಾರಕ್ಕೆ ನಾಲ್ಕು ಸಲ ಜಾಸ್ತಿಯಾಯಿತು. ಒಂದಕ್ಕೆ ಇಳಿಸಿ, ಮಸಾಲೆ ಪುಡಿ ಅರ್ಧ ಹಾಕಿ, ಕ್ಯಾರೆಟ್ ಬೀನ್ಸ್ ಜೊತೆ ಒಂದು ಮೊಟ್ಟೆ ಒಡೆದು ಹಾಕಿ. ಮಾಲ್ಟ್ ಪುಡಿಯನ್ನು ಮಾತ್ರ ನಿಲ್ಲಿಸಿಬಿಡಿ. ಇಂಥ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಲ್ಲಿ ಇಡಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರವೇ 2024ರ ಏಪ್ರಿಲ್‌ನಲ್ಲಿ ಸೂಚನೆ ಕೊಟ್ಟಿತ್ತು. ಬಹುತೇಕ ಡಬ್ಬಿಗಳ ಹಿಂದೆ ಸಕ್ಕರೆಯ ಅಂಕಿ ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

ನೂಡಲ್ಸ್ ನಿಮ್ಮ ಮನೆಗೆ ಯಾಕೆ ಬಂತು ಅನ್ನೋದು ನಿಮ್ಮ ಪತ್ರದಲ್ಲೇ ಇದೆ. ಆರೂವರೆಗೆ ಬಾಗಿಲು ತೆಗೆದ ತಕ್ಷಣ ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ನೀವು ಚಪ್ಪಲಿ ಬಿಡುವಷ್ಟರಲ್ಲಿ "ಅಮ್ಮಾ ಏನಾದ್ರೂ ಕೊಡು" ಶುರು. ಆ ಅರ್ಧ ಗಂಟೆಯನ್ನು ದಾಟಿಸಿದರೆ ಸಾಕು, ಎಂಟಕ್ಕೆ ಅನ್ನ ಸಾರು ಮಾಡಲು ನಿಮಗೂ ಆಗುತ್ತದೆ. ಕೈಗೆ ಸಿಗುವ ಜಾಗದಲ್ಲಿ ಕಡ್ಲೆಪುರಿ ಡಬ್ಬಿ, ಹುರಿದ ಕಡಲೆಬೀಜ, ಬಾಳೆಹಣ್ಣು ಇರಲಿ. ಯಜಮಾನರು ನಂಜನಗೂಡಿಗೇ ಹೋಗುತ್ತಾರಲ್ಲ, ರಸಬಾಳೆ ಸಿಕ್ಕರೆ ತರಲಿ! ಈಗ ಅದು ಸಿಗುವುದೇ ಅಪರೂಪ, ಏಲಕ್ಕಿ ಬಾಳೆಯಾದರೂ ಆದೀತು. ಇನ್ನೂ ಒಳ್ಳೆಯದು ಹುರಿಹಿಟ್ಟು. ಅರಳಿಸಿದ ರಾಗಿಯ ಹಿಟ್ಟಿಗೆ ಮಂಡ್ಯದ ಬೆಲ್ಲದ ಪುಡಿ, ಒಂದು ಹಿಡಿ ಕಾಯಿತುರಿ, ಅರ್ಧ ಚಮಚ ತುಪ್ಪ ಹಾಕಿ, ಹಾಲು ಚಿಮುಕಿಸಿ ಕಲಸಿದರೆ ಆಯಿತು. ಒಲೆ ಹಚ್ಚುವ ಕೆಲಸವೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಸುಣ್ಣದ ಅಂಶ ಇರುತ್ತದೆ.

ಈ ಹುರಿಹಿಟ್ಟನ್ನು ಯಾರು ಮಾಡಿಕೊಡಬೇಕು? ನಿಮ್ಮ ಅತ್ತೆ.

ಅವರ ಮಾತು ನಿಮಗೆ ಚುಚ್ಚಿತು, ನಿಜ. ಆದರೆ ಅವರು ಗದ್ದೆಯಿಂದ ಬಂದು ಮುದ್ದೆ ಕಟ್ಟುತ್ತಿದ್ದದ್ದೂ ನಿಜ. ಅವರು ಹೇಳದೆ ಬಿಟ್ಟದ್ದು ಏನೆಂದರೆ, ಎಷ್ಟೋ ಮನೆಗಳಲ್ಲಿ ಅಷ್ಟೊತ್ತಿಗೆ ಅತ್ತೆಯೋ ಓರಗಿತ್ತಿಯೋ ಒಲೆ ಹಚ್ಚಿ, ಸೊಪ್ಪು ಬಿಡಿಸಿ, ಬಸ್ಸಾರಿಗೆ ಇಟ್ಟಿರುತ್ತಿದ್ದರು. ಮಕ್ಕಳು ಜಗಲಿ ಮೇಲೆ ಯಾರದೋ ಕಣ್ಣಳತೆಯಲ್ಲಿ ಆಡುತ್ತಿದ್ದವು. ನಿಮ್ಮ ಮನೆಯಲ್ಲಿ ಆ ಕೈಗಳು ಇಲ್ಲ. ಅವರ ಅಡುಗೆಮನೆಯಲ್ಲೂ ಆತುರಕ್ಕೆ ಆಗುವ ತಿನಿಸು ಇರಲಿಲ್ಲವೇ? ಸಾರಿನ ಪುಡಿ, ಸಂಡಿಗೆ, ಹಪ್ಪಳ, ಹುರಿಹಿಟ್ಟು ಎಲ್ಲ ಬಿಡುವಿದ್ದಾಗ ಮಾಡಿಟ್ಟು, ಬಿಡುವಿಲ್ಲದಾಗ ಬಳಸುವಂಥವೇ.

ಆದ್ದರಿಂದ ಫೋನ್ ಮಾಡಿ ನೇರವಾಗಿ ಹೇಳಿ: "ಅತ್ತೆ, ಹಿಟ್ಟು ಅಂಗಡಿದೇ. ರುಬ್ಬೋಕೆ ನನಗೆ ಟೈಮ್ ಆಗಲ್ಲ, ಅದನ್ನ ನಿಮ್ಮಿಂದ ಮುಚ್ಚಿಟ್ಟಿದ್ದು ಸರಿಯಲ್ಲ. ನಿಮ್ಮ ಕೈಯ ಸಾರಿನ ಪುಡಿ, ಹುರಿಹಿಟ್ಟು ಕಳಿಸಿಕೊಡಿ, ಮಕ್ಕಳಿಗೆ ಆಗುತ್ತೆ." ಮೊದಲು ಎರಡು ಮಾತು ಅಂದಾರು. ಅನ್ನಲಿ ಬಿಡಿ. ಸಾರಿನ ಪುಡಿ ಮಾತ್ರ ಬಂದೇ ಬರುತ್ತದೆ, ಜೊತೆಗೆ ಒಂದು ಚೀಲ ಹುರಳಿಕಾಳೂ ಬಂದರೆ ಆಶ್ಚರ್ಯ ಪಡಬೇಡಿ.

ಈಗ ನಾನು ನಿಮ್ಮ ಪತ್ರವನ್ನು ಮತ್ತೆ ಓದುವಂತೆ ಮಾಡಿದ ಸಾಲಿಗೆ ಬರುತ್ತೇನೆ. "ಫಸ್ಟ್ ಶಿಫ್ಟ್ ಇದ್ದಾಗ ಯಜಮಾನರು ಮೂರೂವರೆಗೇ ಬರುತ್ತಾರೆ." ಹಾಗಾದರೆ ಆ ವಾರಗಳಲ್ಲೂ ಮಕ್ಕಳು ಆರೂವರೆವರೆಗೆ ಡೇ ಕೇರ್‌ನಲ್ಲಿ ಯಾಕಿದ್ದಾರೆ? ಆ ವಾರಗಳಲ್ಲೂ ನೂಡಲ್ಸ್ ಯಾಕೆ? ನಸುಕಿನಲ್ಲೇ ಎದ್ದು ಹೋದವರಿಗೆ ಸುಸ್ತು ಇರುತ್ತದೆ, ಒಪ್ಪುತ್ತೇನೆ. ಒಂದೂವರೆ ಗಂಟೆ ಮಲಗಲಿ. ಐದೂವರೆಗೆ ಎದ್ದು ಮಕ್ಕಳನ್ನು ಕರೆತರಬಹುದು, ಬೇಳೆ ತೊಳೆದು ಕುಕ್ಕರ್ ಇಡಬಹುದು. ನಾಲ್ಕು ಸೀಟಿ ಕೂಗಿಸಿ ಗ್ಯಾಸ್ ಆಫ್ ಮಾಡಲು ವಿಶೇಷ ತರಬೇತಿ ಏನೂ ಬೇಡ, ಫ್ಯಾಕ್ಟರಿಯಲ್ಲಿ ಮೆಷಿನ್ ನಡೆಸುವವರಿಗಂತೂ ಬೇಡವೇ ಬೇಡ. ಅವರಮ್ಮ ಮಾತಾಡಿದಾಗ ಅವರು ಸುಮ್ಮನಿದ್ದದ್ದು ನನಗೆ ಸರಿ ಕಾಣಲಿಲ್ಲ. ಆ ದೋಸೆಯನ್ನು ಅವರೂ ತಿಂದಿದ್ದರು, ಅಲ್ವಾ?

ಇದನ್ನು ಅವರ ಮೇಲೆ ರೇಗಿ ಹೇಳಬೇಡಿ. ಶಿಫ್ಟ್ ಪಟ್ಟಿ ಬಂದ ದಿನ ಕ್ಯಾಲೆಂಡರ್ ಮುಂದೆ ಕೂತು ಹೇಳಿ. ಫಸ್ಟ್ ಶಿಫ್ಟ್ ವಾರದ ಸಂಜೆ ಅಡುಗೆ ಅವರದು. ಉಳಿದ ವಾರ ನಿಮ್ಮದು. ರಜೆಯ ದಿನ ಕಾಳು ನೆನೆಹಾಕುವುದು, ಮೊಳಕೆ ಕಟ್ಟುವುದು, ಸೊಪ್ಪು ಬಿಡಿಸುವುದು ಇಬ್ಬರೂ ಸೇರಿ, ಮಗಳನ್ನೂ ಕೂರಿಸಿಕೊಂಡು. ಮೊದಮೊದಲು ಅವರು ಮಾಡಿದ ಸಾರು ನೀರು ನೀರಾಗಿರುತ್ತದೆ. ಬಾಯಿಬಿಟ್ಟು ಹೇಳದೆ ಊಟ ಮಾಡಿ. ಚಳಿಗಾಲದಲ್ಲಿ ಮಾರ್ಕೆಟ್‌ನಲ್ಲಿ ಹಿದುಕಿದ ಅವರೆಬೇಳೆಯನ್ನೇ ಅಳೆದು ಕೊಡುತ್ತಾರೆ. ಎರಡು ಕಾಸು ಜಾಸ್ತಿಯಾದರೂ ಕೊಳ್ಳಿ. ಅದನ್ನು ಮನೆಯಲ್ಲಿ ಕೂತು ಹಿದುಕಲೇಬೇಕು ಅನ್ನುವವರು ಬಂದು ಹಿದುಕಲಿ.

ಮಗಳ ರಕ್ತದ ವಿಷಯಕ್ಕೆ ಡಾಕ್ಟರ್ ಮಾತೇ ಅಂತಿಮ. ಟಾನಿಕ್ ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ತಪ್ಪದೆ ಕೊಡಿ, ಮತ್ತೆ ಪರೀಕ್ಷೆ ಯಾವಾಗ ಎಂದು ಕೇಳಿಕೊಳ್ಳಿ. ಅದನ್ನು ಹಾಲು, ಟೀ ಜೊತೆ ಕೊಡಬೇಡಿ, ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಸಾರು, ಹುರಳಿ ಸಾರಿಗೆ ಬಡಿಸುವಾಗ ನಿಂಬೆಹಣ್ಣು ಹಿಂಡಿದರೆ ಒಳ್ಳೆಯದು. ಮಾಂಸ ತಿನ್ನುವ ಮನೆಯಾದರೆ ಅದೂ ಆಗುತ್ತದೆ. ಮಕ್ಕಳಿಗೆ ರಕ್ತ ಕಡಿಮೆಯಾಗಲು ಹೊಟ್ಟೆಹುಳವೂ ಸೇರಿ ಕಾರಣ ಹಲವು ಇರುತ್ತವೆ. ಡಾಕ್ಟರ್ ಹೇಳದ ತಪ್ಪನ್ನು ನೀವಾಗಿ ಮೈಮೇಲೆ ಎಳೆದುಕೊಳ್ಳಬೇಡಿ.

ನಗೆಟ್ಸ್ ಪೂರ್ತಿ ಬಂದ್ ಮಾಡಬೇಕಾ ಎಂದು ಕೇಳಿದ್ದೀರಿ. ಬೇಡ. ಫ್ರೀಜರ್‌ನಲ್ಲಿರುವುದು ಮುಗಿಯಲಿ. ಮತ್ತೆ ತರುವುದು ಹುಟ್ಟುಹಬ್ಬಕ್ಕೋ, ಮಕ್ಕಳ ಸ್ನೇಹಿತರು ಬರುವ ದಿನಕ್ಕೋ ಇರಲಿ. ಅವತ್ತು ಅತ್ತೆ ಮನೆಯಲ್ಲಿದ್ದರೆ ಅವರ ತಟ್ಟೆಗೂ ಎರಡು ಹಾಕಿ.